ದೇವರ ಮೇಲೆ ಕೇಸ್ ಹಾಕಿದವನಿಗೆ ದೇವರೇ ಯಾಕೆ ಸಹಾಯಕ್ಕೆ ಬರಬೇಕು?

ಭಟ್ರ ಮಗ:

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಹಳ್ಳಿ. ಅಪ್ಪಯ್ಯ ಅಲ್ಲಿನ ಗಣಪತಿ ದೇವಸ್ಥಾನದ ಅರ್ಚಕರು. ಮುಜರಾಯಿ ದೇವಸ್ಥಾನ. ಆದಾಯ ಅಂದ್ರೆ ತಸ್ತೀಕು (ಪೂಜೆಗೆ ಅಂತ ಸರ್ಕಾರ ಕೊಡೋ ದುಡ್ಡು), ತಟ್ಟೆ ಕಾಸು, ಅಷ್ಟೇ. 2022ರ ಬಜೆಟ್‌ನಲ್ಲಿ ತಸ್ತೀಕು ವರ್ಷಕ್ಕೆ 48 ಸಾವಿರದಿಂದ 60 ಸಾವಿರ ಆದಾಗ ಮನೆಯಲ್ಲಿ ಪಾಯಸ ಮಾಡಿದ್ದೆವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ.

ಚೌತಿ ಮುಗಿದ ಮಾರನೇ ದಿನ ಟಿವಿಯಲ್ಲಿ 'ಮುಕುಂದ ಮುರಾರಿ' ಬರುತ್ತಿತ್ತು. 2016ರ ಸಿನಿಮಾ, ಉಪೇಂದ್ರ ಮತ್ತು ಸುದೀಪ್. ಹಿಂದಿಯ 'ಓ ಮೈ ಗಾಡ್' ಕನ್ನಡಕ್ಕೆ ಬಂದಿದ್ದು. ಕಥೆ ಗೊತ್ತಲ್ವಾ? ವಿಗ್ರಹ ಮಾರುವವನ ಅಂಗಡಿ ಭೂಕಂಪಕ್ಕೆ ಬೀಳುತ್ತದೆ. ಇನ್ಶೂರೆನ್ಸ್‌ನವರು ಇದು ದೇವರ ಕೆಲಸ, ದುಡ್ಡು ಕೊಡಲ್ಲ ಅನ್ನುತ್ತಾರೆ. ಇವನು ದೇವರ ಮೇಲೆ, ದೇವರ ಹೆಸರಲ್ಲಿ ಉಣ್ಣುವವರ ಮೇಲೆ ಕೇಸ್ ಹಾಕುತ್ತಾನೆ. ಅಪ್ಪಯ್ಯ ಮೂರು ದಿನ ನಿಂತು ಊದಿದ ಕಾಲು ನೀವಿಕೊಳ್ಳುತ್ತಾ ನೋಡುತ್ತಿದ್ದರು. ಕೋರ್ಟ್ ಸೀನುಗಳಿಗೆ ಬಿದ್ದು ಬಿದ್ದು ನಕ್ಕರು. ಸ್ವಾಮೀಜಿಗಳು ಸಿಕ್ಕಿಬಿದ್ದಾಗಲೆಲ್ಲ ತೊಡೆ ತಟ್ಟಿದರು.

ಅವನ ಸಹಾಯಕ್ಕೆ ಬರುವ ಸುದೀಪ್ ಸಾಕ್ಷಾತ್ ಕೃಷ್ಣನೇ ಅನ್ನೋದು ಗೊತ್ತಾದ ಮೇಲೆ ಅಪ್ಪಯ್ಯನ ನಗು ನಿಂತಿತು. "ನಂಬದೇ ಇರೋನ ಅಂಗಡಿ ಬಿದ್ರೆ ಮನೆ ಬಾಗಿಲಿಗೇ ಬರ್ತಾನೆ. 2019ರ ಮಳೆಗೆ ನಮ್ಮ ನೈವೇದ್ಯದ ಅಡುಗೆಮನೆ ಹಂಚು ಹಾರಿಹೋಯ್ತಲ್ಲ ಮಾಣಿ, ಆಗ ಎಲ್ಲಿದ್ದ?" ಸಿಟ್ಟೇನಲ್ಲ. ಕವಳ ಬಾಯಲ್ಲಿಟ್ಟುಕೊಂಡು ಹೇಳಿದ ಮಾತು.

ನನಗೆ ಅಲ್ಲಿಂದ ತಲೆಗೆ ಹುಳ ಬಿಟ್ಟ ಹಾಗಾಗಿದೆ. ದೇವರಿದ್ದಾನಾ ಅಂತ ಕೇಳಲು ಹೊರಟ ಸಿನಿಮಾ ಅರ್ಧ ದಾರಿಯಲ್ಲಿ ದೇವರನ್ನೇ ಕರೆತಂದು ನಿಲ್ಲಿಸಿದರೆ ಪ್ರಶ್ನೆ ಎಲ್ಲಿ ಉಳೀತು? ಆಮೇಲೆ ಉಳಿಯೋದು ಮಧ್ಯದವರನ್ನು ಬೈಯೋದು. 2014ರ 'ಪಿಕೆ'ಯಲ್ಲೂ ಅಷ್ಟೇ. ದೇವರು ಸರಿ, ಸ್ವಾಮಿಗಳು ಹಚ್ಚುವ ನಂಬರ್ ರಾಂಗು. ಬೈಯಲಿ, ಬೈಸಿಕೊಳ್ಳಬೇಕಾದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಎಸಿ ಕಾರಿನ ಸ್ವಾಮಿಯೂ, ತಟ್ಟೆಗೆ ಬಿದ್ದ ಹತ್ತು ರೂಪಾಯಿಯಲ್ಲಿ ಎಣ್ಣೆ ತರುವ ನಮ್ಮಪ್ಪನೂ ಒಂದೇ ತಕ್ಕಡಿಯಲ್ಲಾ? ದೇವರನ್ನೇ ನಿಜವಾಗಿ ಕಟಕಟೆಯಲ್ಲಿ ನಿಲ್ಲಿಸಿದ ಕಾಮಿಡಿ ಯಾವುದಾದರೂ ಇದ್ದರೆ ಹೇಳಿ.

ಹಳೇ ಸರ್ವೆಯರ್, ಶಿವಮೊಗ್ಗ:

ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ನನ್ನ ಹೊಟ್ಟೆಯುರಿ ಹೇಳಿಕೊಳ್ಳಬೇಕು. ಇನ್ಶೂರೆನ್ಸ್ ನಷ್ಟ ಅಳೆಯುವ ಕೆಲಸ ಬಹಳ ವರ್ಷ ಮಾಡಿದವನು ನಾನು. 'ದೇವರ ಕೆಲಸ' ಅಂತ ಷರಾ ಬರೆದು ವಾಪಸ್ ಕಳಿಸಿದ ಫೈಲ್ ಒಂದನ್ನೂ ನೋಡಿಲ್ಲ. ಆಗಿನ ಬೆಂಕಿ ಪಾಲಿಸಿಯಲ್ಲಿ ಬಿರುಗಾಳಿ, ನೆರೆ ಎಲ್ಲ ಸೇರಿರುತ್ತಿತ್ತು. ಭೂಕಂಪಕ್ಕೆ ಮಾತ್ರ ಬೇರೆ ಪ್ರೀಮಿಯಂ ಕಟ್ಟಬೇಕಿತ್ತು. ಕಟ್ಟಿದವನಿಗೆ ದುಡ್ಡು, ಕಟ್ಟದವನಿಗೆ ಇಲ್ಲ. ದೇವರಿಗೂ ಅದಕ್ಕೂ ಸಂಬಂಧವೇ ಇಲ್ಲ. ಈಗ ಮನೆಗಳಿಗೆ 2021ರಿಂದ ಬಂದಿರುವ 'ಭಾರತ್ ಗೃಹ ರಕ್ಷಾ'ದಲ್ಲಿ ಭೂಕಂಪವೂ ಒಳಗೇ ಇದೆ. ಆ ಸಿನಿಮಾ ನೋಡಿ ಬಂದ ಜನ ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ.

ಇನ್ನು ನಿಮ್ಮ ಪ್ರಶ್ನೆ. 2001ರ ಆಸ್ಟ್ರೇಲಿಯಾದ ಒಂದು ಸಿನಿಮಾ ಇದೆ, 'ದಿ ಮ್ಯಾನ್ ಹೂ ಸ್ಯೂಡ್ ಗಾಡ್'. ಮೀನುಗಾರನ ದೋಣಿಗೆ ಸಿಡಿಲು ಬಡಿದು ಮುಳುಗುತ್ತದೆ. ವಿಮೆಯವರು ಇದೇ ಮಾತು ಹೇಳುತ್ತಾರೆ. ಅವನು ಚರ್ಚುಗಳನ್ನು ಕೋರ್ಟಿಗೆ ಎಳೆಯುತ್ತಾನೆ. ದೇವರು ನಮ್ಮ ಕೃಷ್ಣನ ಹಾಗೆ ಪಾತ್ರವಾಗಿ ಬರುವುದಿಲ್ಲ. ಪಾದ್ರಿಗಳ ಪಾಡು ನೋಡಬೇಕು! ಇದು ದೇವರ ಕೆಲಸ ಅಂತ ಒಪ್ಪಿದರೆ ದುಡ್ಡು ಕೊಡಬೇಕು. ಅಲ್ಲ ಅಂದರೆ ದೇವರೇ ಇಲ್ಲ ಅಂದ ಹಾಗೆ. ಅದು ನಿಜವಾದ ಇಕ್ಕಟ್ಟು. ನಮ್ಮಲ್ಲಿ ದೇವರು ಬಂದು ಆ ಇಕ್ಕಟ್ಟನ್ನೇ ಬಿಡಿಸಿಬಿಟ್ಟ.

ಅಪ್ಪು ಹುಡುಗ, ಮಂಡ್ಯ:

ನಾನು ನೋಡಿದ್ದು ಬೇರೆ ಥರ. 2022ರ ಸೆಪ್ಟೆಂಬರ್, 'ಲಕ್ಕಿ ಮ್ಯಾನ್', ಮೊದಲ ದಿನ. ತಮಿಳಿನ 'ಓ ಮೈ ಕಡವುಳೇ' ರೀಮೇಕು. ಅಲ್ಲಿ ವಿಜಯ್ ಸೇತುಪತಿ ದೇವರು, ಇಲ್ಲಿ ಅಪ್ಪು. ಸಂಸಾರ ಕೆಟ್ಟವನಿಗೆ ಇನ್ನೊಂದು ಚಾನ್ಸ್ ಕೊಡುವ ಲವಲವಿಕೆಯ ದೇವರು. ಶೂಟಿಂಗ್ ಮಾಡುವಾಗ ಅದೊಂದು ಗೆಸ್ಟ್ ರೋಲ್ ಅಷ್ಟೇ. ರಿಲೀಸ್ ಆಗುವ ಹೊತ್ತಿಗೆ ಅವರು ಹೋಗಿ ಹತ್ತು ತಿಂಗಳು ಕಳೆದಿತ್ತು.

ಕಾಮಿಡಿ ಸೀನೇ. ಆದರೆ ಥಿಯೇಟರಿನಲ್ಲಿ ಯಾರಿಗೂ ನಗೋಕೆ ಆಗುತ್ತಿಲ್ಲ. ಶಿಳ್ಳೆ ಹೊಡೆಯುತ್ತಿದ್ದ ಹುಡುಗರೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಪಕ್ಕ ಕೂತಿದ್ದ ಅಜ್ಜಿ ಚಪ್ಪಲಿ ಬಿಟ್ಟು ಪರದೆಗೆ ಕೈ ಮುಗಿದರು. ಭಟ್ರೇ, ನನಗೂ ಒಂದು ಕೇಸ್ ಹಾಕಬೇಕಿತ್ತು, 46 ವರ್ಷಕ್ಕೇ ಯಾಕೆ ಕರ್ಕೊಂಡೆ ಅಂತ. ನೋಡಿದರೆ ದೇವರ ಸೀಟಿನಲ್ಲಿ ಅವರೇ ಕೂತು ನಗ್ತಾ ಇದ್ದಾರೆ. ಏನಂತ ಕೇಳೋದು?

ಚೌಕಿ:

ಸಿನಿಮಾ ಬಿಡಿ, ಆಟ ನೋಡಿದ್ದೀರಾ? ಯಕ್ಷಗಾನ. ಹರಕೆ ಹೊತ್ತು ದುಡ್ಡು ಕೊಟ್ಟು ಆಡಿಸುವ ಆಟ, ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ, ದೇವರ ಪೂಜೆ ಮಾಡಿಯೇ ಶುರು. ಅದೇ ಆಟದಲ್ಲಿ ದೇವೇಂದ್ರನ ಎದುರು ಹಾಸ್ಯಗಾರ ನಿಂತು, ಸಂಬಳ ಬಾಕಿ ಇದೆ, ಸ್ವರ್ಗದ ಕಾಫಿ ನೀರಾಗಿದೆ ಅಂತ ಕಾಲೆಳೆಯುತ್ತಾನೆ. ಹರಕೆಯವರೇ ಮುಂದಿನ ಸಾಲಿನಲ್ಲಿ ಕೂತು ನಗುತ್ತಾರೆ. ಬೆಳಗ್ಗೆ ಪ್ರಸಾದ ತಗೊಂಡು ಮನೆಗೆ ಹೋಗುತ್ತಾರೆ. ಕೊನೆಗೆ ಭಾಷಣ ಇರೋಲ್ಲ. ಸಿನಿಮಾದಲ್ಲಿ ಎರಡು ಗಂಟೆ ನಗಿಸಿದ ತಪ್ಪಿಗೆ ಕೊನೆಯ ಹದಿನೈದು ನಿಮಿಷ ಭಾಷಣ ಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರೆ, ನನಗೆ ತಡೆಯೋಕಾಗದೇ ಇರೋದು ಅದು.

ಭಟ್ರ ಮಗ:

ಎಲ್ಲರ ಉತ್ತರವನ್ನೂ ಅಪ್ಪಯ್ಯನಿಗೆ ಓದಿ ಹೇಳಿದೆ. ಮಂಡ್ಯದವರದ್ದು ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತರು.

'ಬ್ರೂಸ್ ಆಲ್ಮೈಟಿ' ಕಥೆಯನ್ನೂ ಹೇಳಿದೆ. 2003ರದು. ಜಿಮ್ ಕ್ಯಾರಿಗೆ ಸ್ವಲ್ಪ ದಿನ ದೇವರ ಚಾರ್ಜ್ ಸಿಗುತ್ತದೆ. ಪ್ರಾರ್ಥನೆಗಳು ಇಮೇಲ್ ಥರ ರಾಶಿ ಬೀಳುತ್ತವೆ. ಓದಲಾರದೆ ಎಲ್ಲದಕ್ಕೂ 'ಆಗಲಿ' ಅಂತ ಒತ್ತಿಬಿಡುತ್ತಾನೆ. ಊರಿಗೆಲ್ಲ ಲಾಟರಿ ಹೊಡೆದು ಒಬ್ಬೊಬ್ಬರಿಗೆ 17 ಡಾಲರ್ ಬರುತ್ತದೆ. ಅಪ್ಪಯ್ಯನಿಗೆ ಇದು ಬಹಳ ಹಿಡಿಸಿತು. ನಮ್ಮೂರಲ್ಲಿ ಅಣ್ಣತಮ್ಮ ಇಬ್ಬರ ನಡುವೆ ತೋಟದ ಬೇಲಿ ಕೇಸ್ ಇದೆ. ವಾಯಿದೆ ದಿನ ಬೆಳಗ್ಗೆ ಏಳಕ್ಕೆ ಅಣ್ಣ ಬಂದು ಅರ್ಚನೆ ಮಾಡಿಸುತ್ತಾನೆ, ಏಳೂವರೆಗೆ ತಮ್ಮ. "ಗೋತ್ರ ಒಂದೇ, ನಕ್ಷತ್ರ ಮಾತ್ರ ಬೇರೆ. ಜಯಪ್ರಾಪ್ತಿ ಅಂತ ಇಬ್ಬರಿಗೂ ಹೇಳ್ತೀನಿ. ಗಣಪತಿ ಮುಖ ನೋಡೋಕೇ ನಾಚಿಕೆ ಆಗತ್ತೆ ಒಂದೊಂದ್ಸಲ."

ಆಮೇಲೆ ಎದ್ದು ಹೋಗುತ್ತಾ ಬಾಗಿಲಲ್ಲಿ ನಿಂತು ಹೇಳಿದರು, "ಆ ಸರ್ವೆಯರ್ ಹತ್ರ ಕೇಳು, ಅಡುಗೆಮನೆ ಹಂಚಿಗೆ ಇನ್ಶೂರೆನ್ಸ್ ಆಗತ್ತಾ ಅಂತ."

ಹಳೇ ಸರ್ವೆಯರ್, ಶಿವಮೊಗ್ಗ:

ಕಟ್ಟಡ ಮುಜರಾಯಿಯದ್ದಾದರೆ ಮೊದಲು ಅವರ ಒಪ್ಪಿಗೆ ಬೇಕು. ಮಾಡಿನ ಫೋಟೊ ಕಳಿಸಿ, ಒಳಗಿನಿಂದ ಪಕಾಸು (ಹಂಚು ಹೊರುವ ಮರದ ಪಟ್ಟಿ) ಕಾಣುವ ಹಾಗೆ.