ಗೆಂಡೆ ಮೀನಿನ ಬಾಗಿದ ಬೆನ್ನು: ಕೊರತೆ ಸುಣ್ಣದ್ದೋ, ರಂಜಕದ್ದೋ?

ಪ್ರಶ್ನೆ: ಸರ್, ಸಾಮಾನ್ಯ ಗೆಂಡೆ ಮರಿಗಳನ್ನು ತೊಟ್ಟಿಯಲ್ಲಿ ಒತ್ತಾಗಿ ಸಾಕುತ್ತಿದ್ದೇನೆ. ಅಕ್ಕಿ ತೌಡು, ಶೇಂಗಾ ಹಿಂಡಿ ಮತ್ತು ಸೋಯಾ ಹಿಂಡಿಯನ್ನು ಬೆರೆಸಿ ಆಹಾರವನ್ನು ನಾನೇ ತಯಾರಿಸುತ್ತೇನೆ. ಬೆಳವಣಿಗೆ ಕುಂಠಿತವಾಗಿದೆ, ಕೆಲವು ಮೀನುಗಳ ಬೆನ್ನು ಬಾಗಿದೆ, ಒಂದೆರಡರ ಕಣ್ಣಿಗೆ ಬಿಳಿ ಪೊರೆ ಬಂದಿದೆ. ಮೂಳೆಯ ತೊಂದರೆಯೆಂದು ಸುಣ್ಣಕಲ್ಲಿನ ಪುಡಿ ಬೆರೆಸಿದರೂ ಗುಣ ಕಾಣಲಿಲ್ಲ. ಪ್ರಮಾಣವನ್ನು ಹೆಚ್ಚಿಸಬೇಕೇ?

ಉತ್ತರ: ಹೆಚ್ಚಿಸಬೇಡಿ; ಈಗ ಹಾಕುತ್ತಿರುವುದನ್ನೂ ನಿಲ್ಲಿಸಿ. ನೀರು ತೀರಾ ಮೃದುವಾಗಿರದಿದ್ದರೆ ಮೀನು ತನಗೆ ಬೇಕಾದ ಕ್ಯಾಲ್ಸಿಯಂನ ಬಹುಪಾಲನ್ನು ಕಿವಿರುಗಳ ಮೂಲಕ ನೀರಿನಿಂದಲೇ ಹೀರಿಕೊಳ್ಳುತ್ತದೆ. ಮೂಳೆಗೆ ಕ್ಯಾಲ್ಸಿಯಂನಂತೆಯೇ ಬೇಕಾದ ರಂಜಕದ (ಫಾಸ್ಫರಸ್) ಸಂಗತಿ ಹಾಗಲ್ಲ. ನೀರಿನಲ್ಲಿ ಅದು ಅತ್ಯಲ್ಪವಾಗಿರುವುದರಿಂದ ಆಹಾರದಿಂದಲೇ ಒದಗಬೇಕು. ತೌಡು ಮತ್ತು ಹಿಂಡಿಗಳಲ್ಲಿ ರಂಜಕ ಸಾಕಷ್ಟಿದೆಯೆಂದು ಪೋಷಕಾಂಶಗಳ ಕೋಷ್ಟಕಗಳು ತೋರಿಸುತ್ತವೆಯಾದರೂ ಅದರ ಹೆಚ್ಚಿನ ಭಾಗ ಫೈಟೇಟ್ (ಬೀಜಗಳು ರಂಜಕವನ್ನು ಕೂಡಿಡುವ ಸಂಯುಕ್ತ) ರೂಪದಲ್ಲಿ ಬಂಧಿತವಾಗಿರುತ್ತದೆ, ಅದನ್ನು ಬಿಡಿಸಿಕೊಳ್ಳುವ ಕಿಣ್ವ ಮೀನಿನ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದೇ ಫೈಟೇಟ್ ಸತುವನ್ನೂ ಹಿಡಿದಿಡುತ್ತದೆ. ಕಣ್ಣಿನ ಪೊರೆಗೆ ಸತುವಿನ ಕೊರತೆ ಒಂದು ಪರಿಚಿತ ಕಾರಣ. ನೀವು ಬೆರೆಸಿದ ಹೆಚ್ಚುವರಿ ಕ್ಯಾಲ್ಸಿಯಂ ರಂಜಕ ಮತ್ತು ಸತು ಎರಡರ ಹೀರಿಕೆಯನ್ನೂ ಮತ್ತಷ್ಟು ತಗ್ಗಿಸಿರಬಹುದು.

ಗೆಂಡೆಗೆ ಜಠರವಿಲ್ಲ, ಆದ್ದರಿಂದ ಆಮ್ಲವೂ ಇಲ್ಲ. ಮೂಳೆಪುಡಿಯಲ್ಲಿರುವಂಥ, ಕರಗಲು ಆಮ್ಲ ಬೇಕಾಗುವ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅದಕ್ಕೆ ಬಹುತೇಕ ದಕ್ಕುವುದಿಲ್ಲ, ಡೈಕ್ಯಾಲ್ಸಿಯಂ ಫಾಸ್ಫೇಟ್ ಅರ್ಧದಷ್ಟು ದಕ್ಕಿದರೆ ಹೆಚ್ಚು, ಮೊನೊಕ್ಯಾಲ್ಸಿಯಂ ಫಾಸ್ಫೇಟ್ ಮಾತ್ರ ಶೇ. 90ಕ್ಕೂ ಮೇಲ್ಪಟ್ಟು ಬಳಕೆಯಾಗುತ್ತದೆ. ಜಾನುವಾರುಗಳ ಖನಿಜ ಮಿಶ್ರಣವನ್ನು ಮೀನಿಗೂ ಹಾಕುವವರು ಮರೆಯುವುದು ಇದನ್ನೇ. ಗೆಂಡೆಗೆ ಕಿಲೋ ಆಹಾರದಲ್ಲಿ 6ರಿಂದ 7 ಗ್ರಾಂ ದಕ್ಕುವ ರಂಜಕ ಬೇಕು. ಕಿಲೋಗೆ 15ರಿಂದ 20 ಗ್ರಾಂ ಮೊನೊಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿದರೆ ಸುಮಾರು 3ರಿಂದ 4 ಗ್ರಾಂ ರಂಜಕ ಸೇರುತ್ತದೆ, ಉಳಿದದ್ದರಲ್ಲಿ ಒಂದಷ್ಟು ಹಿಂಡಿಯಿಂದ ಬರುತ್ತದೆ. ಸತುವಿಗೆ ಮೀನಿಗಾಗಿಯೇ ತಯಾರಾದ ಜಾಡು ಖನಿಜಗಳ (ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಖನಿಜಗಳು) ಮಿಶ್ರಣವನ್ನು ಚೀಟಿಯಲ್ಲಿ ಹೇಳಿದಷ್ಟೇ ಬಳಸಿರಿ.

ಆದರೆ ಬೆನ್ನು ಬಾಗುವುದಕ್ಕೆ ಸಿ ಜೀವಸತ್ವದ ಕೊರತೆಯೂ ಕಾರಣವಾಗುತ್ತದೆ. ನಿಮ್ಮ ಆಹಾರಕ್ಕೆ ಜೀವಸತ್ವಗಳನ್ನು ಸೇರಿಸಿದಂತೆ ಕಾಣುವುದಿಲ್ಲ. ಅದನ್ನು ಮೊದಲು ಸರಿಪಡಿಸದೆ ಖನಿಜವನ್ನಷ್ಟೇ ದೂಷಿಸುವುದು ಆತುರವಾದೀತು.

ಮರುಪ್ರಶ್ನೆ: ಜೀವಸತ್ವ ಹಾಕುತ್ತಿಲ್ಲ, ನಿಜ. ಫಾಸ್ಫೇಟನ್ನು ನೇರವಾಗಿ ನೀರಿಗೇ ಕರಗಿಸಬಹುದೇ? ಬಾಗಿದ ಮೀನುಗಳು ನೆಟ್ಟಗಾಗುವವೇ?

ಉತ್ತರ: ನೀರಿಗೆ ಬೇಡ. ಅದರಿಂದ ಬೆಳೆಯುವುದು ಪಾಚಿಯೇ ಹೊರತು ಮೀನಲ್ಲ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವ ಆಮ್ಲಜನಕ ಕುಸಿಯುವ ಅಪಾಯವಿದೆ. ಆಹಾರದಲ್ಲಿ ಅತಿಯಾದ ರಂಜಕವೂ ಕೊನೆಗೆ ನೀರಿಗೇ ಸೇರುತ್ತದೆ. ಬಾಗಿದ ಮೂಳೆ ಸಾಮಾನ್ಯವಾಗಿ ಮತ್ತೆ ನೆಟ್ಟಗಾಗುವುದಿಲ್ಲ, ಬಲಿತ ಪೊರೆಯೂ ಹೋಗುವುದಿಲ್ಲ. ಆದ್ದರಿಂದ ಈ ಮೀನುಗಳ ಬೆನ್ನನ್ನು ನೋಡಿ ಫಲಿತಾಂಶ ಅಳೆಯಬೇಡಿ. ಮುಂದಿನ ಮರಿಗಳಿಗೆ ಮೊದಲ ದಿನದಿಂದಲೇ ಹೊಸ ಆಹಾರ ಕೊಟ್ಟು, ಎರಡು ವಾರಕ್ಕೊಮ್ಮೆ ತೂಕ ಬರೆದಿಡಿ.