ಹಳೆಯ ಕ್ವೇಕ್‌ನಲ್ಲಿ ನಿಂತ ಪಾತ್ರಗಳ ಮೈ ಯಾಕೆ ಅಲುಗುತ್ತದೆ?

ಪಾಲಿಗನ್_ಪ್ರೇಮಿ:
1996ರ ಶೂಟಿಂಗ್ ಆಟ ಕ್ವೇಕ್ ಮತ್ತೆ ಶುರು ಮಾಡಿದ್ದೇನೆ, ಅದನ್ನು ಈಗಿನ ಕಂಪ್ಯೂಟರ್‌ಗಳಲ್ಲಿ ಓಡಿಸುವ ಕ್ವೇಕ್‌ಸ್ಪಾಸ್ಮ್ ಎಂಜಿನ್‌ನಲ್ಲಿ. ಆಟ ಇವತ್ತಿಗೂ ಸೊಗಸಾಗಿದೆ. ಆದರೆ ಒಂದು ವಿಷಯ ಕಣ್ಣಿಗೆ ಬಿದ್ದಿದೆ, ಬಿದ್ದ ಮೇಲೆ ಬೇರೇನೂ ಕಾಣಿಸುತ್ತಿಲ್ಲ. ಶತ್ರುಗಳು ಮೇಲೆ ಬೀಳದಿರಲಿ ಅಂತ ಕನ್ಸೋಲ್‌ನಲ್ಲಿ (ಆಟಕ್ಕೆ ಆದೇಶ ಟೈಪ್ ಮಾಡುವ ಜಾಗ) ನೋಟಾರ್ಗೆಟ್ ಹಾಕಿ, ಸುಮ್ನೆ ನಿಂತಿರುವ ಒಬ್ಬ ಶತ್ರು ಸೈನಿಕ ಗ್ರಂಟ್‌ನ ಮೂಗಿನ ಹತ್ತಿರ ಹೋಗಿ ನೋಡಿ. ಮುಖ, ಭುಜ, ಬಂದೂಕು ಎಲ್ಲ ಜೆಲ್ಲಿ ಥರ ಅಲುಗುತ್ತದೆ. ಗಲ್ಲ ಒಂದು ಕಡೆ ಹೋದರೆ ಹೆಲ್ಮೆಟ್ ಇನ್ನೊಂದು ಕಡೆ. ಗೋಡೆ, ನೆಲ, ಬಾಗಿಲು ಮಾತ್ರ ಗಟ್ಟಿಯಾಗಿ ನಿಂತಿರುತ್ತವೆ. ಇದೇ ಎಂಜಿನ್‌ನಿಂದ ಬೆಳೆದ 1998ರ ಹಾಫ್-ಲೈಫ್‌ನಲ್ಲಿ ಈ ಕಾಟ ಇಲ್ಲ. ಗ್ರಾಫಿಕ್ಸ್ ಡ್ರೈವರ್ ತೊಂದರೆಯಾ, ಅಥವಾ ಆಟ ಇರುವುದೇ ಹೀಗಾ?

ಕೋಡುಗಾರ:
ಡ್ರೈವರ್ ಪಾಪ, ಅದರದ್ದೇನೂ ತಪ್ಪಿಲ್ಲ. ಅಲುಗಾಟ ಫೈಲಿನಲ್ಲೇ ಇದೆ.

ಕ್ವೇಕ್‌ನ ಪಾತ್ರಗಳ ಆಕಾರ ಇರುವ ಎಂಡಿಎಲ್ ಮಾಡೆಲ್ ಫೈಲುಗಳಲ್ಲಿ ಮೂಳೆಗಳೇ (ಮೈಯನ್ನು ಅಲುಗಿಸುವ ಒಳ ಚೌಕಟ್ಟು) ಇಲ್ಲ. ಪ್ರತಿ ಫ್ರೇಮ್‌ಗೂ (ಚಲನೆಯ ಒಂದೊಂದು ಭಂಗಿ) ಮೈಯ ಒಂದೊಂದು ವರ್ಟೆಕ್ಸ್ (ಮೇಲ್ಮೈಯ ಮೂಲೆಬಿಂದು) ಎಲ್ಲಿದೆ ಅಂತ ಬರೆದಿಟ್ಟಿರುತ್ತಾರೆ, ಅದೂ ಒಂದು ಅಕ್ಷಕ್ಕೆ ಒಂದೇ ಬೈಟ್. ಅಂದರೆ ಒಂದು ವರ್ಟೆಕ್ಸ್ ಪ್ರತಿ ದಿಕ್ಕಿನಲ್ಲಿ 256 ಜಾಗಗಳಲ್ಲಿ ಒಂದರಲ್ಲಿ ಕೂರಬೇಕು, ನಡುವೆ ನಿಲ್ಲುವ ಹಾಗಿಲ್ಲ. ಈ 256 ಜಾಗ ಇಡೀ ಮಾಡೆಲ್‌ಗೆ, ಅದರ ಎಲ್ಲ ಫ್ರೇಮ್‌ಗಳಿಗೂ ಸೇರಿ. ನಿಂತಾಗ ಗ್ರಂಟ್ ಅಷ್ಟೇನೂ ಜಾಗ ಹಿಡಿಯುವುದಿಲ್ಲ, ಆದರೆ ಸತ್ತು ಉದ್ದಕ್ಕೆ ಬೀಳುವ ಫ್ರೇಮ್‌ಗಳೂ ಅದೇ ಅಳತೆಯೊಳಗೆ ಹಿಡಿಯಬೇಕಲ್ವಾ? ಹಾಗಾಗಿ ಈ ಜಾಗಗಳ ಜಾಲರಿ ಅಗಲವಾಗುತ್ತದೆ, ಅದರ ಕಿಂಡಿಗಳು ದೊಡ್ಡದಾಗುತ್ತವೆ.

ಲೆಕ್ಕ ನೋಡಿ. ಮಾಡೆಲ್ ಒಂದು ದಿಕ್ಕಿನಲ್ಲಿ 64 ಯೂನಿಟ್ (ಆಟದೊಳಗಿನ ಅಳತೆ) ಚಾಚಿದರೆ ಒಂದು ಹೆಜ್ಜೆ ಹೆಚ್ಚುಕಡಿಮೆ ಕಾಲು ಯೂನಿಟ್. ಆಟಗಾರನ ಎತ್ತರ 56 ಯೂನಿಟ್ ಇರುವ ಆಟದಲ್ಲಿ ಮುಖದ ಮೇಲೆ ಕಾಲು ಯೂನಿಟ್ ಕಮ್ಮಿಯೇನಲ್ಲ. ಉಸಿರಾಡುವಂಥ ಸಣ್ಣ ಚಲನೆ ಅಷ್ಟರ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಒಂದು ವರ್ಟೆಕ್ಸ್ ಈ ಫ್ರೇಮ್‌ನಲ್ಲಿ ಕದಲುವುದೇ ಇಲ್ಲ, ಮುಂದಿನದರಲ್ಲಿ ಪೂರ್ತಿ ಒಂದು ಹೆಜ್ಜೆ ಹಾರುತ್ತದೆ. ಪಕ್ಕದ್ದು ಇನ್ನೊಂದು ಫ್ರೇಮ್‌ನಲ್ಲಿ ಹಾರುತ್ತದೆ. ನಿಮಗೆ ಗಲ್ಲ ಮತ್ತು ಹೆಲ್ಮೆಟ್ ಬೇರೆಬೇರೆ ಕಡೆ ಹೋದ ಹಾಗೆ ಕಂಡದ್ದು ಇದೇ. ಗೋಡೆ ಬಾಗಿಲುಗಳನ್ನು ಪೂರ್ತಿ ಫ್ಲೋಟ್ (ದಶಮಾಂಶ) ಸಂಖ್ಯೆಗಳಲ್ಲಿ ಇಟ್ಟಿರುವುದರಿಂದ ಅವು ಗಟ್ಟಿ.

ಹಳೇ_ಮಾನಿಟರ್:
ಮೇಲಿನದು ಸರಿ, ಆದರೆ ಅದು ಅರ್ಧ ಉತ್ತರ. ಇನ್ನರ್ಧ ನೀವು ಬಳಸುತ್ತಿರುವ ಎಂಜಿನ್‌ನಲ್ಲಿದೆ. ಮೂಲ ಕ್ವೇಕ್‌ನಲ್ಲಿ ಪಾತ್ರಗಳು ಸೆಕೆಂಡಿಗೆ 10 ಫ್ರೇಮ್ ಮಾತ್ರ ಬದಲಾಯಿಸುತ್ತಿದ್ದವು, ಒಂದರಿಂದ ಇನ್ನೊಂದಕ್ಕೆ ನೇರ ಜಿಗಿತ. ಜಿಗಿತದ ಗದ್ದಲದಲ್ಲಿ ಕಾಲು ಯೂನಿಟ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಜತೆಗೆ ಎಷ್ಟೋ ಜನ ಆಡುತ್ತಿದ್ದದ್ದು 320 x 200 ಪರದೆಯಲ್ಲಿ. ಈಗಿನ ಎಂಜಿನ್‌ಗಳು ಎರಡು ಫ್ರೇಮ್‌ಗಳ ನಡುವಿನ ಜಾಗ ತುಂಬಿಸಿ ನಯ ಮಾಡುತ್ತವೆ. ಆಗ ಪ್ರತಿ ಸಣ್ಣ ಹಾರಾಟವೂ ನಿಧಾನವಾಗಿ ತೇಲುವ ಚಲನೆಯಾಗುತ್ತದೆ. ಮುಚ್ಚಿಹೋಗಿದ್ದ ದೋಷ ದೊಡ್ಡ ಪರದೆಯಲ್ಲಿ ನಯವಾಗಿ ಎದ್ದು ಕಾಣುತ್ತದೆ.

ಆ ನಯ ಮಾಡುವುದನ್ನು ನಿಲ್ಲಿಸಲು ಕನ್ಸೋಲ್‌ನಲ್ಲಿ ಆರ್_ಲರ್ಪ್‌ಮಾಡೆಲ್ಸ್ 0 ಅಂತ ಹಾಕಿ ಅದೇ ಗ್ರಂಟ್ ಮುಂದೆ ಮತ್ತೆ ನಿಂತು ನೋಡಿ. ನನ್ನ ಪ್ರಕಾರ ಈ ಆಟ ನೋಡಬೇಕಾದ್ದು ಹಾಗೆಯೇ. ಆ ಚಲನೆಗಳನ್ನು ಮಾಡಿದವರು 10 ಫ್ರೇಮ್‌ಗೆ ಅಂತಲೇ ಮಾಡಿದ್ದು, ಓಗರ್ ಎಂಬ ರಾಕ್ಷಸ ಗರಗಸ ಬೀಸುವಾಗಿನ ಒರಟುತನದಲ್ಲೇ ಒಂದು ಬಲ ಇದೆ.

ಪಾಲಿಗನ್_ಪ್ರೇಮಿ:
ಹಾಕಿ ನೋಡಿದೆ. ತೇಲಾಟ ನಿಂತಿತು, ಈಗ ಬರೀ ಟಕ್ ಟಕ್ ಅಂತ ಬದಲಾಗುತ್ತದೆ. ಕಣ್ಣಿಗೆ ಎಷ್ಟೋ ಹಿತ. ಆದರೂ ಒಂದು ಪ್ರಶ್ನೆ. ಒಂದರ ಬದಲು ಎರಡು ಬೈಟ್ ಕೊಟ್ಟಿದ್ದರೆ ಮುಗೀತಿತ್ತಲ್ವಾ? 1997ರ ಕ್ವೇಕ್ 2ರಲ್ಲೂ ಇದೇ ಅಲುಗಾಟ ಇದೆಯಲ್ಲ.

ಮೆಶ್_ಮೇಸ್ತ್ರಿ:
ಮೆಮೊರಿ ಸ್ವಾಮಿ. ಆ ಆಟ 8 ಎಂಬಿ ರ‍್ಯಾಮ್ ಇರುವ ಯಂತ್ರದಲ್ಲಿ ಓಡಬೇಕಿತ್ತು. ಒಂದು ವರ್ಟೆಕ್ಸ್‌ಗೆ 4 ಬೈಟ್ ಖರ್ಚು: ಮೂರು ಅಕ್ಷಕ್ಕೆ ಮೂರು, ಇನ್ನೊಂದು ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಅಂತ ಹೇಳಲು. (ಆ ದಿಕ್ಕೂ ಮೊದಲೇ ಬರೆದಿಟ್ಟ 162ರ ಪಟ್ಟಿಯಿಂದ ಆರಿಸಿದ್ದು. ಮೈಮೇಲಿನ ಬೆಳಕು ಆಗಾಗ ಮಿಣುಕುವುದಕ್ಕೆ ಅದೂ ಕಾರಣ.) 200 ವರ್ಟೆಕ್ಸ್, 100 ಫ್ರೇಮ್ ಅಂದರೆ 80,000 ಬೈಟ್. ಅದನ್ನೇ ಫ್ಲೋಟ್‌ನಲ್ಲಿ (ಅಕ್ಷಕ್ಕೆ 4 ಬೈಟ್) ಇಟ್ಟರೆ ಜಾಗಗಳಿಗಷ್ಟೇ 2,40,000. ಇಂಥ ಮಾಡೆಲ್‌ಗಳು ಎಷ್ಟಿವೆ ಅಂತ ಯೋಚಿಸಿ.

ಕ್ವೇಕ್ 2ರ ಮಾಡೆಲ್ ಫಾರ್ಮ್ಯಾಟ್ ಎಂಡಿ2ರಲ್ಲೂ ಅಕ್ಷಕ್ಕೆ ಒಂದೇ ಬೈಟ್. ಅಳತೆಯನ್ನು ಮಾತ್ರ ಫ್ರೇಮ್‌ಗೊಂದರಂತೆ ಕೊಟ್ಟರು. ಜಾಲರಿ ಸಣ್ಣದಾಯಿತು ನಿಜ, ಆದರೆ ಫ್ರೇಮ್‌ನಿಂದ ಫ್ರೇಮ್‌ಗೆ ಜಾಲರಿಯೇ ಜರುಗುವುದರಿಂದ ಕದಲಬಾರದ ಪಾದವೂ ಚೂರು ಕದಲುತ್ತದೆ. ಅದಕ್ಕೆ ಸರಿಯಾಗಿ ಆ ಎಂಜಿನ್ ತಾನೇ ನಡುವಿನ ಚಲನೆ ತುಂಬಿಸುತ್ತಿತ್ತು. ನೀವು ಹೇಳಿದ ಎರಡು ಬೈಟ್ ಬಂದದ್ದು 1999ರ ಕ್ವೇಕ್ 3ರಲ್ಲಿ, ಒಂದು ಹೆಜ್ಜೆ ಯೂನಿಟ್‌ನ 1/64 ಭಾಗ. ಅಲ್ಲಿಗೆ ನಡುಕ ಬಹುಪಾಲು ನಿಂತಿತು. ಹಾಫ್-ಲೈಫ್ ದಾರಿ ಬೇರೆ. ಅಲ್ಲಿ ವರ್ಟೆಕ್ಸ್‌ಗಳು ಮೂಳೆಗೆ ಅಂಟಿಕೊಂಡಿವೆ, ಫ್ರೇಮ್‌ಗಳಲ್ಲಿ ಇರುವುದು ಮೂಳೆಗಳ ಚಲನೆ ಮಾತ್ರ, ಹಾಗಾಗಿ ಮುಖ ಮುಖವಾಗಿಯೇ ಉಳಿಯುತ್ತದೆ. ಮೂಳೆ ಇಲ್ಲದ ಕಡೆ ಇನ್ನೊಂದು ಕಷ್ಟವೂ ಇದೆ: ಎರಡು ಫ್ರೇಮ್‌ಗಳ ನಡುವೆ ತೋಳು 90 ಡಿಗ್ರಿ ತಿರುಗಿದರೆ, ವರ್ಟೆಕ್ಸ್‌ಗಳು ನೇರ ಗೆರೆಯಲ್ಲಿ ಸಾಗುವುದರಿಂದ ಅರ್ಧದಾರಿಯಲ್ಲಿ ತೋಳಿನ ಉದ್ದ ಶೇ. 70ಕ್ಕೆ ಇಳಿಯುತ್ತದೆ.

ಹಳೆಯ ಎಂಡಿಎಲ್ ಫೈಲನ್ನು ಬೇರೆ ಫಾರ್ಮ್ಯಾಟ್‌ಗೆ ಬದಲಾಯಿಸಿದರೂ ನಡುಕ ಹೋಗುವುದಿಲ್ಲ, ಕಳೆದುಹೋದ ಅಳತೆ ಅಲ್ಲಿ ಇಲ್ಲವೇ ಇಲ್ಲ. 2021ರಲ್ಲಿ ಬಂದ ಕ್ವೇಕ್‌ನ ಹೊಸ ಆವೃತ್ತಿಯಲ್ಲಿ ಮೂಳೆಗಳಿರುವ ಮಾಡೆಲ್‌ಗಳನ್ನು ಹೊಸದಾಗಿಯೇ ಮಾಡಿದ್ದಾರೆ. ನೀವೇ ಎಂಡಿಎಲ್ ಮಾಡುವ ಯೋಚನೆ ಇದ್ದರೆ, ತೀರಾ ದೂರ ಚಾಚುವ ಫ್ರೇಮ್‌ಗಳನ್ನು ಬೇರೆ ಮಾಡೆಲ್ ಫೈಲಿಗೆ ಹಾಕಿ. ಕೈಯಲ್ಲಿ ಹಿಡಿದ ಬಂದೂಕಿಗಂತೂ ಇದು ಬೇಕೇ ಬೇಕು, ಅದು ಸದಾ ಕಣ್ಣೆದುರೇ ಇರುತ್ತದೆ.