‘ಸಹಿಷ್ಣುತೆ’, ‘ಬಾಳಿಕೆ’, ‘ತಾಳಿಕೆ’: 24 ಗಂಟೆಗಳ ಕಾರ್ ರೇಸಿಗೆ ಯಾವ ಪದ?

ಪದಪ್ರಿಯರೇ,

ಬೆಲ್ಜಿಯಂನ ರೇಸಿಂಗ್ ಚಾಲಕ ಜಾಕಿ ಇಕ್ಸ್ ಅವರ ಕುರಿತು ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಬಳಿ ಕೆಲಸ ನಿಂತಿದೆ. ಇಕ್ಸ್ ಫಾರ್ಮುಲಾ ಒನ್‌ನಲ್ಲಿ 8 ಗ್ರ್ಯಾನ್ ಪ್ರೀ ಗೆದ್ದವರು; 1968ರಲ್ಲಿ ಫ್ರಾನ್ಸಿನ ರುವಾನ್‌ನಲ್ಲಿ ಸುರಿಯುವ ಮಳೆಯಲ್ಲಿ ಫೆರಾರಿ ಓಡಿಸಿ ಮೊದಲ ಗೆಲುವು ಪಡೆದವರು. ಆದರೆ ಅವರ ಹೆಸರು ಉಳಿದಿರುವುದು, ಒಂದೊಂದು ಕಾರನ್ನೂ ಚಾಲಕರು ಸರದಿಯಂತೆ ಓಡಿಸುತ್ತಾ 24 ಗಂಟೆ ಎಡೆಬಿಡದೆ ನಡೆಯುವ ಫ್ರಾನ್ಸಿನ ಲೆ ಮಾನ್ ರೇಸಿನಿಂದ. 1969ರಿಂದ 1982ರ ನಡುವೆ ಅದನ್ನು ಅವರು 6 ಬಾರಿ ಗೆದ್ದರು.

ಇಂಥ ರೇಸಿಗೆ ಇಂಗ್ಲಿಷಿನಲ್ಲಿ ‘ಎಂಡ್ಯೂರೆನ್ಸ್ ರೇಸ್’ ಎನ್ನುತ್ತಾರೆ. ಅದನ್ನು ‘ಸಹಿಷ್ಣುತಾ ಸ್ಪರ್ಧೆ’ ಎಂದು ಕನ್ನಡಿಸಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ನಿಘಂಟಿನ ಅರ್ಥ ಏನೇ ಇರಲಿ, ಸಹಿಷ್ಣುತೆ ಎಂದೊಡನೆ ಇಂದಿನ ಓದುಗರ ಮನಸ್ಸು ಪರಧರ್ಮ, ಪರಮತಗಳ ಕಡೆಗೆ ಹೋಗುತ್ತದೆ. ರಾತ್ರಿಯಿಡೀ ಸ್ಟಿಯರಿಂಗ್ ಹಿಡಿದವರ ಚಿತ್ರ ಅದರಲ್ಲಿ ಮೂಡುವುದೇ ಇಲ್ಲ.

‘ತಾಳ್ಮೆಯ ರೇಸ್’ ಎನ್ನೋಣವೆಂದರೆ 1969ರ ರೇಸ್ ಅಡ್ಡ ಬರುತ್ತದೆ. ಆಗ ಚಾಲಕರು ರಸ್ತೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿ, ಕಾರಿಗೆ ಹಾರಿ, ಸೀಟ್ ಬೆಲ್ಟ್ ಹಾಕದೆಯೇ ಹೊರಡುತ್ತಿದ್ದರು. ಇದು ಅಪಾಯಕಾರಿ ಎಂದು ಪ್ರತಿಭಟಿಸಿ ಇಕ್ಸ್ ನಿಧಾನವಾಗಿ ನಡೆದುಹೋಗಿ, ಬೆಲ್ಟ್ ಬಿಗಿದುಕೊಂಡು ಕೊನೆಯವರಾಗಿ ಹೊರಟರು. ಮೊದಲ ಸುತ್ತಿನಲ್ಲೇ ಜಾನ್ ವೂಲ್ಫ್ ಎಂಬ ಚಾಲಕ ಅಪಘಾತದಲ್ಲಿ ಸತ್ತರು. ಕೊನೆಯ ಗಂಟೆಗಳಲ್ಲಿ ಇಕ್ಸ್ ಮತ್ತು ಹಾನ್ಸ್ ಹೆರ್‌ಮಾನ್ ಒಬ್ಬರನ್ನೊಬ್ಬರು ಹಿಂದಿಕ್ಕುತ್ತಲೇ ಇದ್ದು, ಇಡೀ ದಿನದ ರೇಸ್ ಸುಮಾರು 120 ಮೀಟರ್ ಅಂತರದಲ್ಲಿ ಇಕ್ಸ್ ಗೆಲುವಿನೊಂದಿಗೆ ಮುಗಿಯಿತು. ಆ ಹಣಾಹಣಿಯನ್ನು ತಾಳ್ಮೆ ಎನ್ನಲು ನನ್ನ ಲೇಖನಿ ಏಳುವುದಿಲ್ಲ. ಓಡಿ ಹತ್ತುವ ಪದ್ಧತಿ ಮರುವರ್ಷ ನಿಂತಿತು.

‘ಬಾಳಿಕೆ’ ಹತ್ತಿರ ಬರುತ್ತದೆ. ಆದರೆ ಬಾಳಿಕೆ ಬರುವುದು ಬಟ್ಟೆ, ಪಾತ್ರೆ, ಯಂತ್ರ. ಮನುಷ್ಯ ಹೊರಗುಳಿಯುತ್ತಾನೆ.

ನನ್ನ ಒಲವು ‘ತಾಳಿಕೆ’ಯ ಕಡೆಗಿದೆ. ‘ತಾಳು’ ಎಂಬ ಕ್ರಿಯೆ ಮನುಷ್ಯನಿಗೂ ವಸ್ತುವಿಗೂ ಸಲ್ಲುತ್ತದೆ: ನಾವು ನೋವು ತಾಳುತ್ತೇವೆ, ತೊಲೆ ಭಾರ ತಾಳುತ್ತದೆ. ಲೆ ಮಾನ್‌ಗೆ ಬೇಕಾದದ್ದು ಇದೇ. 1977ರಲ್ಲಿ ಇಕ್ಸ್ ಅವರ ಪೋರ್ಷೆ ಮೊದಲ ಕೆಲವು ಗಂಟೆಗಳಲ್ಲೇ ಕೆಟ್ಟಿತು. ತಂಡದವರು ಅವರನ್ನು ಬಹಳ ಹಿಂದೆ ಬಿದ್ದಿದ್ದ ಇನ್ನೊಂದು ಕಾರಿಗೆ ಹಾಕಿದರು. ಮಳೆ ಮಂಜಿನ ರಾತ್ರಿಯಲ್ಲಿ ಅವರು ಅದನ್ನು ಮುನ್ನಡೆಗೆ ತಂದರು. ಕೊನೆಯಲ್ಲಿ ಎಂಜಿನ್ ಕೈಕೊಟ್ಟಾಗ ಆರು ಸಿಲಿಂಡರ್‌ಗಳಲ್ಲಿ ಒಂದನ್ನು ನಿಲ್ಲಿಸಿ, ಜೊತೆಗಾರ ಯುರ್ಗೆನ್ ಬಾರ್ಟ್ ಐದರಲ್ಲೇ ಕಾರನ್ನು ಗುರಿ ಮುಟ್ಟಿಸಿದರು. ತಾಳಿದ್ದು ಚಾಲಕರೂ ಹೌದು, ಎಂಜಿನ್ನೂ ಹೌದು.

ಇನ್ನು ‘ತಾಳಿಕೆ’ಯ ಮುಂದೆ ಏನು ಸೇರಿಸುವುದು? ‘ಓಟ’ ಎಂದರೆ 1969ರ ಕಥೆಯಲ್ಲಿ ಕಾಲಿನ ಓಟವೂ ಕಾರಿನ ಓಟವೂ ಕಲಸಿಹೋಗುತ್ತವೆ. ‘ಪಂದ್ಯ’ದಲ್ಲಿ ಎರಡು ತಂಡಗಳ ಎದುರಾಟದ ಛಾಯೆಯಿದೆ. ಸದ್ಯಕ್ಕೆ ‘ತಾಳಿಕೆ ರೇಸ್’ ಎಂದು ಬರೆದಿಟ್ಟಿದ್ದೇನೆ.

ರಾತ್ರಿಯಿಡೀ ಲಾರಿ ಓಡಿಸುವವರು, ಗ್ಯಾರೇಜಿನ ಮೇಸ್ತ್ರಿಗಳು ನಿಮ್ಮ ಕಡೆ ಈ ಗುಣಕ್ಕೆ ಏನೆನ್ನುತ್ತಾರೆ? ಮನುಷ್ಯನಿಗೂ ಗಾಡಿಗೂ ಒಂದೇ ಮಾತು ಬಳಸುತ್ತಾರೆಯೇ? ಊರಿನ ಹೆಸರು, ಒಂದು ಪೂರ್ಣ ವಾಕ್ಯದೊಂದಿಗೆ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.